ಬಂಡವಾಳ ಆಮೇಲೆ, ಮೊದಲು ನೋಟ್‌ಬುಕ್

ಓದುವ ಮಗಳು ಸಣ್ಣದೊಂದು ವ್ಯಾಪಾರ ಶುರುಮಾಡುತ್ತೇನೆ ಎಂದರೆ ಹೆತ್ತವರು ನನ್ನ ಹತ್ತಿರ ಕೇಳುವುದು ಒಂದೇ: ‘ಎಷ್ಟು ಬಂಡವಾಳ ಕೊಡಬೇಕು?’ ಲೆಕ್ಕಪತ್ರ ನೋಡುವುದೇ ನನ್ನ ಕಸುಬು. ಸದ್ಯಕ್ಕೆ ದುಡ್ಡು ಬೇಡ, ಒಂದು ನೋಟ್‌ಬುಕ್ ಕೊಡಿಸಿ ಅನ್ನುತ್ತೇನೆ.

ಅವಳು ಕೈಯಲ್ಲೇ ಚಿತ್ರ ಬರೆದು ಶುಭಾಶಯ ಪತ್ರ ಮಾರುತ್ತಾಳೆ ಅಂದುಕೊಳ್ಳಿ. ಕಾಗದ, ಬಣ್ಣ, ಲಕೋಟೆ ಸೇರಿ ಒಂದಕ್ಕೆ 30 ತಗಲುತ್ತದೆ. 50ಕ್ಕೆ ಮಾರಿದರೆ 20 ಲಾಭ ಅಂತ ಅವಳ ಲೆಕ್ಕ. ಆದರೆ ಹತ್ತು ಬರೆದರೆ ಎರಡು ಕೆಡುತ್ತವೆ. ಹತ್ತಕ್ಕೂ ಆದ 300 ಖರ್ಚು ಮಾರಾಟವಾಗುವ ಎಂಟರ ಮೇಲೇ ಬೀಳಬೇಕಲ್ಲ? ಅಸಲು 37.50 ಆಯಿತು, ಉಳಿದದ್ದು 12.50. ಒಂದು ಪತ್ರಕ್ಕೆ 40 ನಿಮಿಷ ಹಿಡಿದರೆ, ಕೆಟ್ಟವುಗಳಿಗೆ ಹೋದ ಹೊತ್ತು ಬಿಟ್ಟರೂ, ಗಂಟೆಗೆ 19 ಸಹ ಗಿಟ್ಟುವುದಿಲ್ಲ.

ಇದರ ಮೇಲೆ ಗೆಳತಿಯರು ‘ನಮಗೆ 20 ಪರ್ಸೆಂಟ್ ಡಿಸ್ಕೌಂಟ್ ಕೊಡೇ’ ಅನ್ನುತ್ತಾರೆ. ಹತ್ತು ತಾನೇ, ಹೋಗಲಿ ಅಂತ ಒಪ್ಪಿದರೆ ಉಳಿಯುವುದು ಬರೀ 2.50. ಮೊದಲಿನಷ್ಟೇ ದುಡ್ಡು ಬರಬೇಕಾದರೆ ಒಂದರ ಬದಲು ಐದು ಪತ್ರ ಬರೆಯಬೇಕು! ಈ ಕಳೆಯುವ ಲೆಕ್ಕವನ್ನು ಅವಳ ಕೈಯಲ್ಲೇ ಮಾಡಿಸಿ. ನಾವು ಹೇಳಿದರೆ ಅದು ಉಪದೇಶವಾಗುತ್ತದೆ, ಅಷ್ಟೆ.

ಲೆಕ್ಕ ಕೆಡಿಸುವವರು ಹೆಚ್ಚಾಗಿ ಹೆತ್ತವರೇ. ಮನೆಯಿಂದ ಕೊಟ್ಟ ಕಾಗದ, ಪತ್ರ ತಲುಪಿಸಲು ಹೋದಾಗಿನ ಪೆಟ್ರೋಲ್, ಯಾವುದೂ ಪುಸ್ತಕಕ್ಕೆ ಏರುವುದಿಲ್ಲ. ಕೊಡಬೇಡಿ ಅನ್ನುತ್ತಿಲ್ಲ, ಕೊಟ್ಟದ್ದನ್ನು ಖರ್ಚಿನ ಕಡೆ ಬರೆಸಿ. ಚಿಕ್ಕಮ್ಮ, ದೊಡ್ಡಪ್ಪ ಪ್ರೀತಿಗೆ ಕೊಂಡದ್ದನ್ನು ಬೇಡಿಕೆ ಅಂತ ತಿಳಿಯಬೇಡಿ. ಗುರುತಿಲ್ಲದವರು ಎಷ್ಟು ಜನ ಕೊಂಡರು, ಅವರಲ್ಲಿ ಮತ್ತೆ ಬಂದವರು ಎಷ್ಟು? ಅದು ಗೊತ್ತಾಗುವ ತನಕ ಸಾಮಾನು ಸಗಟಾಗಿ ತಂದು ಪೇರಿಸುವುದು ಬೇಡ.

ಹದಿನೆಂಟು ತುಂಬದವರು ಮಾಡಿಕೊಂಡ ಒಪ್ಪಂದಕ್ಕೆ ಹೆಚ್ಚಿನ ದೇಶಗಳಲ್ಲಿ ಕಾನೂನಿನ ಪೂರ್ತಿ ಬಲ ಇರುವುದಿಲ್ಲ. ಆನ್‌ಲೈನ್ ಮಾರಾಟದ ಖಾತೆಯನ್ನೂ ಸಾಮಾನ್ಯವಾಗಿ ದೊಡ್ಡವರ ಹೆಸರಲ್ಲೇ ತೆರೆಯಬೇಕಾಗುತ್ತದೆ. ಹಾಗೆ ನಿಮ್ಮ ಖಾತೆಗೆ ಬಂದ ಅವಳ ದುಡ್ಡು ಮನೆಖರ್ಚಿನಲ್ಲಿ ಕರಗಿಹೋದದ್ದು ಗೊತ್ತೇ ಆಗುವುದಿಲ್ಲ. ಬೇರೆ ಖಾತೆ ಇಡಿ, ತಿಂಗಳಿಗೊಮ್ಮೆ ಇಬ್ಬರೂ ಕೂತು ಅವಳ ಪುಸ್ತಕದೊಂದಿಗೆ ತಾಳೆ ನೋಡಿ.

ಪರೀಕ್ಷೆಯ ತಿಂಗಳಲ್ಲಿ ಹೊಸ ಆರ್ಡರ್ ಬೇಡ. ಮುಂಗಡ ತೆಗೆದುಕೊಂಡದ್ದೇನಾದರೂ ಬಾಕಿ ಇದ್ದರೆ ರಾತ್ರಿ ಕೂತು ನೀವು ಬಣ್ಣ ತುಂಬಿಕೊಡಬೇಡಿ. ತಡವಾಗುತ್ತದೆ ಅಂತ ಗಿರಾಕಿಗೆ ಫೋನ್ ಮಾಡಿ ಹೇಳುವ ಕೆಲಸವೂ ಅವಳದೇ.