ಕ್ಯಾಬಿನ್ ಆಲ್ಟಿಟ್ಯೂಡ್: ವಿಮಾನದ ಒಳಗೂ ಒಂದು ಎತ್ತರ

ಮಂಗಳೂರಿನಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ ಚಾರ್ಮಾಡಿ ಘಾಟಿ ಹತ್ತಿ ಮುಳ್ಳಯ್ಯನಗಿರಿ ಸೇರುವ ಹೊತ್ತಿಗೆ ಬಲೂನಿನ ಹಾಗೆ ಉಬ್ಬಿರುತ್ತದೆ. ಚಿಕ್ಕಮಗಳೂರಿನ ನಮಗೆಲ್ಲ ಇದು ಗೊತ್ತು, ಅಲ್ವಾ? ಒಳಗಿರುವುದು ಕಡಲ ಮಟ್ಟದ ಗಾಳಿ. ಹೊರಗಿರುವುದು 1,930 ಮೀಟರ್ ಎತ್ತರದ ತೆಳು ಗಾಳಿ. ಅಡಿ ಲೆಕ್ಕದಲ್ಲಿ ಸುಮಾರು 6,300.

41,000 ಅಡಿಯಲ್ಲಿ ಹಾರುವ, ಕೆಲವೇ ಜನರನ್ನು ಒಯ್ಯುವ ಸಣ್ಣ ಬಿಸಿನೆಸ್ ಜೆಟ್‌ನಲ್ಲಿ ಕೂತವರು ಉಸಿರಾಡುವುದು ಹೆಚ್ಚುಕಮ್ಮಿ ಇಂಥದೇ ಗಾಳಿ. ಕ್ಯಾಬಿನ್ ಅಂದರೆ ವಿಮಾನದಲ್ಲಿ ಜನ ಕೂರುವ ಜಾಗ. ಅದರ ಒಳಗಿನ ಗಾಳಿಯ ಒತ್ತಡ ಯಾವ ಎತ್ತರದ ಗಾಳಿಗೆ ಸಮವೋ, ಆ ಎತ್ತರವನ್ನೇ ಕ್ಯಾಬಿನ್ ಆಲ್ಟಿಟ್ಯೂಡ್ ಅನ್ನುತ್ತಾರೆ. ಮಾಮೂಲಿ ಹಾರಾಟದಲ್ಲಿ ಅದು 8,000 ಅಡಿ ದಾಟದ ಹಾಗೆ ವಿಮಾನ ಕಟ್ಟಿರುತ್ತಾರೆ. 10,000 ಅಡಿಯ ಆಸುಪಾಸಿಗೆ ಬಂತೆಂದರೆ ಕಾಕ್‌ಪಿಟ್‌ನಲ್ಲಿ ಎಚ್ಚರಿಕೆ ಕೂಗುತ್ತದೆ.

ಒಳಗೆ ಗಾಳಿ ನಿಲ್ಲುವುದು ಹೇಗೆ? ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ ನೋಡಿದವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಒಂದು ಕಡೆ ನೀರು ಬರುತ್ತಲೇ ಇರುತ್ತದೆ, ಇನ್ನೊಂದು ಕಡೆ ತೂಬಿನಲ್ಲಿ ಹೋಗುತ್ತಲೇ ಇರುತ್ತದೆ. ತೂಬು ಎಷ್ಟು ತೆರೆದಿದೆ ಅನ್ನುವುದರ ಮೇಲೆ ಕೆರೆಯ ಮಟ್ಟ. ಜೆಟ್‌ನಲ್ಲಿ ಎಂಜಿನ್ ಗಾಳಿಯನ್ನು ಒತ್ತಿ ಒಳಗೆ ಕಳಿಸುತ್ತದೆ. ಔಟ್‌ಫ್ಲೋ ವಾಲ್ವ್ ಅನ್ನುವ ತೂಬು ಬೇಕಾದಷ್ಟನ್ನು ಮಾತ್ರ ಹೊರಗೆ ಬಿಡುತ್ತದೆ. ಬರುವ ಗಾಳಿ ನಿಂತರೆ, ತೂಬು ಕೆಟ್ಟರೆ, ಬಾಗಿಲಿನ ಸೀಲ್ ಹರಿದರೆ ಮಟ್ಟ ಕುಸಿಯುತ್ತದೆ. ಆಗ ಪೈಲಟ್‌ಗಳು ಹೇಳುವ ಮಾತು ವಿಚಿತ್ರವಾಗಿ ಕೇಳಿಸುತ್ತದೆ: 'ಕ್ಯಾಬಿನ್ ಏರುತ್ತಿದೆ'. ವಿಮಾನ ಇದ್ದ ಎತ್ತರದಲ್ಲೇ ಇರುತ್ತದೆ, ಒಳಗಿರುವವರು ಮಾತ್ರ ಬೆಟ್ಟ ಹತ್ತುತ್ತಿರುತ್ತಾರೆ.

ಬಿಸಿನೆಸ್ ಜೆಟ್‌ನಲ್ಲಿ ಈ ಅಪಾಯ ಜಾಸ್ತಿ ಬಿರುಸು. ಅವು ದೊಡ್ಡ ವಿಮಾನಗಳಿಗಿಂತ ಮೇಲೆ ಹಾರುತ್ತವೆ. ಕೆಲವು 51,000 ಅಡಿವರೆಗೂ ಹೋಗುತ್ತವೆ. ಕ್ಯಾಬಿನ್ ಬೇರೆ ಚಿಕ್ಕದು. ಅಷ್ಟೇ ತೂತು ಬಿದ್ದರೂ ಸಣ್ಣ ಕಟ್ಟೆ ಬೇಗ ಬರಿದಾಗುವುದಿಲ್ಲವೇ, ಹಾಗೆ. 25,000 ಅಡಿಯ ಗಾಳಿಯಲ್ಲಿ ಆಕ್ಸಿಜನ್ ಸಾಲದೆ, ಬುದ್ಧಿ ನೆಟ್ಟಗೆ ಕೆಲಸ ಮಾಡುವುದು 3ರಿಂದ 5 ನಿಮಿಷ. 40,000 ಅಡಿಯಲ್ಲಿ ಬರೀ 15ರಿಂದ 20 ಸೆಕೆಂಡ್. ಗಾಳಿ ಒಮ್ಮೆಲೇ ನುಗ್ಗಿ ಹೊರಗೆ ಹೋದರೆ ಅದರಲ್ಲೂ ಅರ್ಧ.

ನನಗೆ ಜಾಸ್ತಿ ಭಯ ಹುಟ್ಟಿಸುವುದು ಸದ್ದಿಲ್ಲದ ಸೋರಿಕೆ. ಉಸಿರು ಕಟ್ಟಿದಂತೆ ಅನಿಸುವುದೇ ಇಲ್ಲ. ಕೆಲವರಿಗೆ ಸುಮ್ನೆ ಖುಷಿಯಾಗುತ್ತದಂತೆ. ಉಗುರು ನೀಲಿಯಾಗುತ್ತದೆ, ಸಣ್ಣ ಕೂಡುವ ಲೆಕ್ಕವೂ ತಪ್ಪುತ್ತದೆ, ಆದರೂ 'ನಾನು ಸರಿಯಾಗೇ ಇದ್ದೀನಿ' ಅನಿಸುತ್ತದೆ. 1999ರ ಅಕ್ಟೋಬರ್ 25ರಂದು ಗಾಲ್ಫ್ ಆಟಗಾರ ಪೇಯ್ನ್ ಸ್ಟೀವರ್ಟ್ ಇದ್ದ ಲಿಯರ್‌ಜೆಟ್ ಅನ್ನುವ ಬಿಸಿನೆಸ್ ಜೆಟ್ ಅಮೆರಿಕದ ಫ್ಲಾರಿಡಾದ ಒರ್ಲಾಂಡೊದಿಂದ ಡಲ್ಲಾಸ್‌ಗೆ ಹೊರಟಿತು. ಕ್ಯಾಬಿನ್ ಒತ್ತಡ ಹೋಯಿತು, ಪೈಲಟ್‌ಗಳಿಗೆ ಆಕ್ಸಿಜನ್ ಸಿಗಲಿಲ್ಲ. ಹತ್ತಿರ ಹೋಗಿ ನೋಡಿದ ಫೈಟರ್ ಪೈಲಟ್‌ಗಳಿಗೆ ಕಿಟಕಿಗಳಲ್ಲಿ ಮಂಜು ಕಟ್ಟಿದ್ದು ಕಂಡಿತು. ಹೊರಟು ಸುಮಾರು 4 ಗಂಟೆಯ ಮೇಲೆ, ಇಂಧನ ಮುಗಿದು, ಅದು ಸೌತ್ ಡಕೋಟದ ಹೊಲವೊಂದರಲ್ಲಿ ಬಿತ್ತು. ಒಳಗಿದ್ದ 6 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಅದಕ್ಕೇ ಎಚ್ಚರಿಕೆ ಕೂಗಿದಾಗ ಪೈಲಟ್ ಕಾರಣ ಹುಡುಕುತ್ತಾ ಕೂರಬಾರದು. ಸೂಚನೆಗಳ ಪುಸ್ತಕವನ್ನೂ ತೆರೆಯಬಾರದು. ಮೊದಲ ಹೆಜ್ಜೆಗಳು ಬಾಯಿಪಾಠ ಆಗಿರಬೇಕು. ಮಾಸ್ಕ್ ಹಾಕು. ನೂರಕ್ಕೆ ನೂರು ಆಕ್ಸಿಜನ್ ಇಡು. ಪಕ್ಕದ ಪೈಲಟ್ ಜೊತೆ ಮಾಸ್ಕ್‌ನ ಮೈಕಿನಲ್ಲಿ ಮಾತಾಡು. ಪೈಲಟ್‌ಗಳ ಮಾಸ್ಕ್ ಒಂದೇ ಕೈಯಲ್ಲಿ 5 ಸೆಕೆಂಡ್ ಒಳಗೆ ಹಾಕಿಕೊಳ್ಳುವಂಥದು. ಆಮೇಲೆ ಎಂಜಿನ್ ತಗ್ಗಿಸಿ, ರೆಕ್ಕೆಯ ಮೇಲಿನ ಸ್ಪೀಡ್ ಬ್ರೇಕ್ ಹಲಗೆಗಳನ್ನು ಎತ್ತಿ ಬೇಗ ಇಳಿಸುತ್ತಾರೆ. 'ಮೇಡೇ' ಅನ್ನುವ ತುರ್ತು ಕರೆ ಕೊಟ್ಟು, ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ 7700 ಅನ್ನುವ ತುರ್ತು ಸಂಕೇತ ಒತ್ತುತ್ತಾರೆ. ಮಗುವಿಗಿಂತ ಮೊದಲು ನಿಮ್ಮ ಮಾಸ್ಕ್ ಹಾಕಿಕೊಳ್ಳಿ ಅಂತ ಪ್ರಯಾಣಿಕರಿಗೆ ಹೇಳುವುದೂ ಇದೇ ಸೆಕೆಂಡುಗಳ ಲೆಕ್ಕದಿಂದ.

ಇಳಿಯುವುದು ಎಲ್ಲಿವರೆಗೆ? 10,000 ಅಡಿ, ಇಲ್ಲವೇ ಕೆಳಗಿನ ಬೆಟ್ಟಗಳಿಗೆ ತಾಗದಷ್ಟು ಎತ್ತರ. ಹಿಮಾಲಯದ ಮೇಲಾದರೆ ಮೊದಲೇ ದಾರಿ ಗುರುತು ಮಾಡಿಕೊಂಡಿರಬೇಕು. ನಮ್ಮ ಪಶ್ಚಿಮ ಘಟ್ಟದ ಮೇಲೆ ಅಷ್ಟು ತೊಡಕಿಲ್ಲ. ಇಲ್ಲಿನ ಅತಿ ಎತ್ತರದ ಆನಮುಡಿಯೇ 2,695 ಮೀಟರ್, 9,000 ಅಡಿಗೂ ಕಮ್ಮಿ. 10,000ಕ್ಕೆ ಇಳಿದ ಮೇಲೆ ಗೋಡೆ ಸೋರುತ್ತಿದ್ದರೂ ಪರವಾಗಿಲ್ಲ. ಒಳಗಿನ ಎತ್ತರ, ಹೊರಗಿನ ಎತ್ತರ ಎರಡೂ ಒಂದಾಗಿರುತ್ತವೆ, ಮಾಸ್ಕ್ ತೆಗೆದು ಉಸಿರಾಡಬಹುದು.