ಏರ್‌ಪೋರ್ಟ್ ಸೆಕ್ಯುರಿಟಿಯವರು ಯಾಕೆ ಅಷ್ಟು ಬಿರುಸು?

ಪ್ರಶ್ನೆ: ಅಪ್ಪ-ಅವ್ವ ಮೊದಲ ಸಲ ವಿಮಾನ ಹತ್ತುತ್ತಿದ್ದಾರೆ. ಕಲಬುರಗಿಯಿಂದ ಕಾರಿನಲ್ಲಿ ಹೈದರಾಬಾದಿನ ಶಂಶಾಬಾದಿಗೆ ಹೋಗಿ, ಅಲ್ಲಿಂದ ದಿಲ್ಲಿಗೆ. ಸೆಕ್ಯುರಿಟಿಯವರು ಮಾತುಮಾತಿಗೆ ಗದರುತ್ತಾರೆ, ಮುಖದಲ್ಲಿ ನಗುವೇ ಇರುವುದಿಲ್ಲ ಎಂದು ಹೋಗಿಬಂದವರು ಹೇಳುತ್ತಾರೆ. ಅವರು ಹಾಗೇಕೆ? ಹಿರಿಯರ ಮನಸ್ಸಿಗೆ ನೋವಾಗದಂತೆ ನಾವು ಏನು ಮಾಡಬೇಕು?

ಉತ್ತರ: ಹೆಚ್ಚು ನಗಬಾರದು ಎಂಬುದು ಅವರ ಕೆಲಸದ ರೀತಿಯಲ್ಲೇ ಇದೆ. ದೊಡ್ಡ ನಿಲ್ದಾಣಗಳಲ್ಲಿ ಮೈ ಮತ್ತು ಕೈಚೀಲ ತಪಾಸಣೆ ಮಾಡುವವರು ಸಿಐಎಸ್‌ಎಫ್, ಅಂದರೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯವರು. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ಐಸಿ-814 ವಿಮಾನದ ಅಪಹರಣವಾದ ಮೇಲೆ, 2000ದ ಫೆಬ್ರವರಿಯಲ್ಲಿ ಜೈಪುರದಿಂದ ಶುರುವಾಗಿ ಒಂದೊಂದೇ ನಿಲ್ದಾಣ ಈ ಪಡೆಯ ಕೈಗೆ ಬಂತು. 2018ರ ಅಕ್ಟೋಬರಿನಲ್ಲಿ ಪಡೆಯ ಹಿರಿಯ ಅಧಿಕಾರಿಗಳು ಬಹಿರಂಗವಾಗಿಯೇ ಹೇಳಿದ್ದರು: ನಮ್ಮ ಸಿಬ್ಬಂದಿ ಪ್ರಯಾಣಿಕರೊಂದಿಗೆ ಅತಿ ಸಲುಗೆ ಬಿಟ್ಟು ಬೇಕಾದಷ್ಟೇ ಸ್ನೇಹದಿಂದ ಇರಲಿ, ಸಲುಗೆ ಹೆಚ್ಚಾದರೆ ಕಣ್ಣು ತಪ್ಪುತ್ತದೆ. ಆದ್ದರಿಂದ ಬಿಗಿದ ಮುಖ ಕಂಡರೆ ಅದು ನಿಮ್ಮ ಅವ್ವನ ಮೇಲಿನ ಸಿಟ್ಟಲ್ಲ ಎಂದು ಮೊದಲೇ ಹೇಳಿಟ್ಟಿರಿ. ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ಇನ್ನೊಂದು ಕಾರಣ ಭಾಷೆ. ನಮ್ಮ ಕಡೆ ಬೈಯುವಾಗಲೂ ಮಾತಿನ ಕೊನೆಗೆ ಒಂದು ‘ರೀ’ ಇರುತ್ತದೆ. ‘ಯಾಕ್ರೀ ಹಿಂಗ ಮಾಡ್ತೀರಿ’ ಎಂದೇ ಜಗಳ ಕಾಯುತ್ತೇವೆ. ಶಂಶಾಬಾದಿನಲ್ಲಿ ನಿಂತ ಸಿಪಾಯಿ ಬಿಹಾರದವನಿರಬಹುದು, ಒಡಿಶಾದವಳಿರಬಹುದು. ಅವರ ಬಾಯಲ್ಲಿ ‘ಬೆಲ್ಟ್ ನಿಕಾಲೋ’ (ಬೆಲ್ಟ್ ತೆಗೆ), ‘ಹಾತ್ ಊಪರ್’ (ಕೈ ಮೇಲೆ), ‘ಪೀಛೇ ಘೂಮೋ’ (ಹಿಂದೆ ತಿರುಗು) ಎಂಬ ಮೂರ್ನಾಲ್ಕು ಮಾತು ದಿನಕ್ಕೆ ಸಾವಿರ ಸಲ ಬರುತ್ತವೆ. ಎಪ್ಪತ್ತು ದಾಟಿದ ಯಜಮಾನರಿಗೆ ಆ ‘ನಿಕಾಲೋ’ ಏಕವಚನದ ಏಟಿನಂತೆ ತಾಕುತ್ತದೆ. ಹೊರಡುವ ಹಿಂದಿನ ದಿನ ಮನೆಯಲ್ಲೇ ಈ ಮಾತುಗಳನ್ನು ಒಮ್ಮೆ ಹೇಳಿಸಿ ಕೇಳಿಸಿ. ಚಿಕ್ಕ ಮಣೆಯಂಥ ಕಟ್ಟೆಯ ಮೇಲೆ ಹತ್ತಿ, ಎರಡೂ ಕೈ ಅಗಲಿಸಿ ನಿಲ್ಲುವುದು, ಹೇಳಿದಾಗ ತಿರುಗುವುದು. ಇಷ್ಟೇ ಕೆಲಸ, ಅರ್ಧ ನಿಮಿಷ ಸಾಕು.

ಯಾರು ಏನು ಮಾಡುತ್ತಾರೆ ಎಂಬುದನ್ನೂ ತಿಳಿಸಿಟ್ಟಿರಿ. ಬಾಗಿಲಲ್ಲಿ ಟಿಕೆಟ್, ಆಧಾರ್ ನೋಡುವವರು ಪಡೆಯವರೇ. ಕೌಂಟರಿನಲ್ಲಿ ದೊಡ್ಡ ಲಗೇಜು ತೂಗಿ ಬೋರ್ಡಿಂಗ್ ಪಾಸ್ ಕೊಡುವವರು ವಿಮಾನ ಕಂಪನಿಯವರು. ತೂಕ ಹೆಚ್ಚಾಯಿತು ಎಂದು ದುಡ್ಡು ಕೇಳುವುದು ಅವರು, ಸೆಕ್ಯುರಿಟಿಯವರಲ್ಲ. ಒಂದು ಕಡೆಯ ಸಿಟ್ಟನ್ನು ಇನ್ನೊಂದು ಕಡೆ ತೋರಿಸಿ ಕೆಲಸ ಕೆಡಿಸಿಕೊಳ್ಳುವವರು ಬಹಳ.

ಈಗ ಎಕ್ಸ್‌ರೇ ಪರದೆಯ ಹಿಂದೆ ಕೂತವರ ಪಾಡು ನೋಡಿ. ಪರದೆಯಲ್ಲಿ ಬಟ್ಟೆ, ರೊಟ್ಟಿ, ಪುಸ್ತಕದಂಥವು ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ. ಗಟ್ಟಿ ಲೋಹ ನೀಲಿ. ಕಿರಣ ತೂರಲಾಗದಷ್ಟು ದಪ್ಪ ಇದ್ದರೆ ಕಪ್ಪು. ಪ್ರತಿ ಚೀಲಕ್ಕೆ ಸಿಗುವುದು ಕೆಲವೇ ಸೆಕೆಂಡು. ನಡುನಡುವೆ ಯಂತ್ರವೇ ಯಾರದೋ ಚೀಲದ ಚಿತ್ರದೊಳಗೆ ಸುಳ್ಳು ಪಿಸ್ತೂಲನ್ನು ತೋರಿಸಿ, ನೋಡುವವರು ಎಚ್ಚರವಿದ್ದಾರೋ ಇಲ್ಲವೋ ಎಂದು ಪರೀಕ್ಷಿಸುತ್ತದೆ. ಕಣ್ಣು ಸೋಲುತ್ತದೆಂದು ಸುಮಾರು 20 ನಿಮಿಷಕ್ಕೊಮ್ಮೆ ಆಳು ಬದಲಾಗುವ ಪದ್ಧತಿ ಇದೆ. ಆ ಹೊತ್ತಿನಲ್ಲಿ ಒಬ್ಬರು ‘ನನ್ನ ಚೀಲ ಯಾಕೆ ನಿಲ್ಲಿಸಿದಿರಿ’ ಎಂದು ಕೇಳಿದರೆ ಉತ್ತರ ಮೊಟಕಾಗಿಯೇ ಬರುತ್ತದೆ.

ಆ ಕಪ್ಪು ಬಣ್ಣ ನಮ್ಮ ಭಾಗದವರನ್ನು ವಿಶೇಷವಾಗಿ ಕಾಡುತ್ತದೆ. ಉಡುಗೊರೆಗೆಂದು ಬೀದರಿನಿಂದ ಬಿದ್ರಿ ಹೂದಾನಿ, ಸುರಾಹಿ ಒಯ್ಯುತ್ತೇವೆ. ಬಿದ್ರಿ ಎಂದರೆ ಹೆಚ್ಚುಪಾಲು ಸತು, ಸ್ವಲ್ಪ ತಾಮ್ರ ಸೇರಿದ ಎರಕ, ಮೇಲೆ ಬೆಳ್ಳಿಯ ಕೆತ್ತನೆ. ಪರದೆಯಲ್ಲಿ ಅದು ಒಳಗೇನಿದೆ ಎಂದು ಕಾಣದ ಕರಿಗಡ್ಡೆ. ಚೀಲ ಪಕ್ಕಕ್ಕೆ ಸರಿಯುವುದು ಖಂಡಿತ. ಅದನ್ನು ಸೀರೆ, ಪೇಪರ್, ಟೇಪು ಎಂದು ಹತ್ತು ಸುತ್ತು ಸುತ್ತಿದ್ದರೆ ಎಲ್ಲವನ್ನೂ ಬಿಚ್ಚಬೇಕು, ಹಿಂದೆ ಸಾಲು ಬೆಳೆಯುತ್ತದೆ, ಆಗಲೇ ಮಾತು ಬಿರುಸಾಗುವುದು. ಚಿಕ್ಕದಾದರೆ ಒಂದೇ ಬಟ್ಟೆಯಲ್ಲಿ ಸುತ್ತಿ ಚೀಲದ ಮೇಲ್ಭಾಗದಲ್ಲಿಡಿ, ಟ್ರೇಯಲ್ಲಿ ಬೇರೆಯಾಗಿ ಇಟ್ಟುಬಿಡಿ. ದೊಡ್ಡದು, ಭಾರದ್ದು, ಕತ್ತಿ-ಚೂರಿ ಆಕಾರದ್ದು ಆದರೆ ಕೌಂಟರಿನಲ್ಲೇ ಲಗೇಜಿಗೆ ಹಾಕಿ.

ಬುತ್ತಿಯ ವಿಷಯ. ಕಡಕ್ ರೊಟ್ಟಿ ಕೈಚೀಲದಲ್ಲಿ ಹೋಗುತ್ತದೆ, ಹೋಗಲೂಬೇಕು; ಲಗೇಜಿಗೆ ಹಾಕಿದರೆ ದಿಲ್ಲಿಯಲ್ಲಿ ಸಿಗುವುದು ಪುಡಿ. ತೊಗರಿ ಬೇಳೆಗೂ ತಕರಾರಿಲ್ಲ, ಐದು ಕಿಲೋ ಒಂದೇ ಗಂಟಾದರೆ ಒಮ್ಮೆ ಬಿಚ್ಚಿಸಬಹುದು. ಕೈಚೀಲದ ಮಿತಿ ಸಾಮಾನ್ಯವಾಗಿ 7 ಕಿಲೋ ಎಂಬುದು ನೆನಪಿರಲಿ. ಖಾರದ ಪುಡಿ ಕೈಚೀಲದಲ್ಲಿ ಬೇಡವೇ ಬೇಡ, ಕಣ್ಣಿಗೆ ಎರಚುವ ವಸ್ತು ಎಂದೇ ಅದನ್ನು ನೋಡುತ್ತಾರೆ. ಶೇಂಗಾ ಹಿಂಡಿಯನ್ನೂ ಅದರ ಜೊತೆ ಲಗೇಜಿಗೇ ಹಾಕುವುದು ಕ್ಷೇಮ. ಉಪ್ಪಿನಕಾಯಿ, ತುಪ್ಪವೂ ಅಲ್ಲಿಗೇ, ಸೋರದಂತೆ ಎರಡು ಪದರ ಕಟ್ಟಿ. ಅಡಕತ್ತರಿಯನ್ನು ಅವ್ವನ ಎಲೆಚೀಲದಿಂದ ಮೊದಲೇ ತೆಗೆಯಿರಿ. ಬೆಂಕಿಪೊಟ್ಟಣ, ಲೈಟರ್ ಎಲ್ಲಿಯೂ ಬೇಡ. ಒಣಕೊಬ್ಬರಿಯೂ ಹಾಗೆಯೇ: ಅದರಲ್ಲಿ ಎಣ್ಣೆ ಅಂಶ ಹೆಚ್ಚು, ತಾನಾಗಿಯೇ ಕಾವೇರುವ ವಸ್ತುಗಳ ಪಟ್ಟಿಯಲ್ಲಿದೆ. ಉಡಿ ತುಂಬಿದ ಕೊಬ್ಬರಿ ಬಟ್ಟಲನ್ನು ತೆಗೆದಿಡಿ ಎಂದಾಗ ಹೆಣ್ಣುಮಕ್ಕಳಿಗೆ ಬಹಳ ನೋವಾಗುತ್ತದೆ. ಅದನ್ನು ಮನೆಯಲ್ಲೇ ಇಟ್ಟು ಬರುವುದು ಒಳ್ಳೆಯದು.

ಪವರ್ ಬ್ಯಾಂಕ್ ಇದಕ್ಕೆ ತಿರುವುಮುರುವು: ಕೈಚೀಲದಲ್ಲಿ ಮಾತ್ರ, ಲಗೇಜಿನಲ್ಲಿ ಇಲ್ಲ. ಲಗೇಜಿನಲ್ಲಿ ಸಿಕ್ಕರೆ ಹೆಸರು ಕೂಗಿ ವಾಪಸ್ ಕರೆದು ಚೀಲ ಬಿಚ್ಚಿಸುತ್ತಾರೆ. ಮೊದಲ ಸಲ ಹೋಗುವವರಿಗೆ ಆ ಕೂಗು ಕೇಳಿಸುವುದೂ ಇಲ್ಲ. ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್ ಎಂದು ಬರೆದದ್ದು 74ಕ್ಕೆ ಬರುತ್ತದೆ, ಚಿಂತೆಯಿಲ್ಲ. 30,000 ಎಂದಿದ್ದರೆ 111, ಅದಕ್ಕೆ ವಿಮಾನ ಕಂಪನಿಯ ಅನುಮತಿ ಬೇಕು.

ಮೈ ತಪಾಸಣೆಯಲ್ಲಿ ನಮ್ಮ ಹಿರಿಯರಿಗೆ ತೊಡಕಾಗುವುದು ಎರಡು ಕಡೆ. ಒಂದು, ಬೆಳ್ಳಿಯ ಉಡದಾರ. ಲೋಹ ಹುಡುಕುವ ಕೈಯಂತ್ರ ಸೊಂಟದ ಹತ್ತಿರ ಬಂದ ಕೂಡಲೇ ಕೂಗುತ್ತದೆ, ಸಿಪಾಯಿ ಬೆಲ್ಟ್ ತೆಗೆಯಿರಿ ಎನ್ನುತ್ತಾನೆ, ಧೋತರ ಉಟ್ಟವರಿಗೆ ಬೆಲ್ಟೇ ಇಲ್ಲ. ಇಬ್ಬರಿಗೂ ಅರ್ಥವಾಗದೆ ದನಿ ಏರುತ್ತದೆ. ಯಂತ್ರ ಬರುವ ಮೊದಲೇ ಸೊಂಟ ಮುಟ್ಟಿ ತೋರಿಸಿ ‘ಚಾಂದೀ ಕೀ ಕರಧನೀ ಹೈ’ (ಬೆಳ್ಳಿ ಉಡದಾರ ಇದೆ) ಎಂದರೆ ಮುಗಿಯಿತು, ಹೊರಗಿನಿಂದಲೇ ಕೈಯಾಡಿಸಿ ಬಿಡುತ್ತಾರೆ.

ಇನ್ನೊಂದು ಇಷ್ಟಲಿಂಗ. ಬಸವಕಲ್ಯಾಣದ ಸೀಮೆಯವರಿಗೆ ಲಿಂಗ ಇಡುವ ಬೆಳ್ಳಿ ಕರಡಿಗೆ ಎಂದರೆ ಏನು ಎಂದು ಹೇಳಬೇಕಿಲ್ಲ. ಬೇರೆ ರಾಜ್ಯದ ಸಿಪಾಯಿಗೆ ಅದು ಕೊರಳಲ್ಲಿ ತೂಗುವ ಮುಚ್ಚಿದ ಲೋಹದ ಡಬ್ಬಿ. ‘ತೆಗೆದು ಟ್ರೇಯಲ್ಲಿಡಿ’ ಎನ್ನುತ್ತಾನೆ. ಪಾದರಕ್ಷೆ, ಬೆಲ್ಟು ಬಿದ್ದಿರುವ ಟ್ರೇಯಲ್ಲಿ ಲಿಂಗವನ್ನು ಇಡು ಎಂದರೆ ದೀಕ್ಷೆಯಾದವರ ಜೀವ ನಡುಗುತ್ತದೆ. ಇಲ್ಲಿ ಸುಮ್ಮನಿರಬೇಡಿ, ಕೂಗಾಡಲೂ ಬೇಡಿ. ‘ಯೇ ಹಮಾರಾ ಶಿವಲಿಂಗ್ ಹೈ, ಗಲೇ ಸೇ ನಹೀ ನಿಕಾಲತೇ, ಮೈ ಖುದ್ ಖೋಲ್ ಕೇ ದಿಖಾತಾ ಹೂಂ’ (ಇದು ನಮ್ಮ ಶಿವಲಿಂಗ, ಕೊರಳಿಂದ ತೆಗೆಯುವುದಿಲ್ಲ, ನಾನೇ ಬಿಚ್ಚಿ ತೋರಿಸುತ್ತೇನೆ) ಎಂದು ಹೇಳಿ, ಪಕ್ಕದ ಕೋಣೆಯಲ್ಲಿ ನೋಡಿರಿ ಎಂದು ಕೇಳಿ. ಒಬ್ಬರಿಗೆ ತಿಳಿಯದಿದ್ದರೆ ಶಿಫ್ಟಿನ ಇನ್‌ಸ್ಪೆಕ್ಟರನ್ನು ಕರೆಸಿ. ದೇವರ ವಸ್ತು ಎಂದು ತಿಳಿದ ಮೇಲೆ ದನಿ ಇಳಿಯುವುದೇ ಹೆಚ್ಚು. ತಾಯಿತಕ್ಕೂ, ಪೇಟಕ್ಕೂ ಇದೇ ದಾರಿ.

ಹೆಂಗಸರ ತಪಾಸಣೆ ಪರದೆ ಕಟ್ಟಿದ ಗೂಡಿನೊಳಗೆ ಮಹಿಳಾ ಸಿಬ್ಬಂದಿಯಿಂದಲೇ ಆಗಬೇಕು. ತಾಳಿ, ಬಳೆ, ಕಾಲುಂಗುರ ತೆಗೆಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ, ಯಂತ್ರ ಕೂಗಿದ ಕಡೆ ಮುಟ್ಟಿ ನೋಡುತ್ತಾರೆ. ಮಂಡಿ ಬದಲಿಸಿಕೊಂಡವರು, ಎದೆಯಲ್ಲಿ ಪೇಸ್‌ಮೇಕರ್ ಇರುವವರು ಲೋಹ ಹುಡುಕುವ ಬಾಗಿಲ ಚೌಕಟ್ಟಿನ ಒಳಗೆ ಕಾಲಿಡುವ ಮೊದಲೇ ಹೇಳಬೇಕು, ಆಸ್ಪತ್ರೆಯ ಚೀಟಿ ಕೈಯಲ್ಲಿದ್ದರೆ ವಿವರಣೆ ಬೇಕಾಗುವುದಿಲ್ಲ. ನಡೆಯಲು ಕಷ್ಟವಿದ್ದರೆ ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಬರೆಸಿ.

ಕೆಲವೊಮ್ಮೆ ಬಟ್ಟೆಯ ಚೂರಿನಿಂದ ಕೈ, ಚೀಲ ಒರೆಸಿ ಯಂತ್ರಕ್ಕೆ ಹಾಕುತ್ತಾರೆ. ಸಿಡಿಮದ್ದಿನ ಕಣ ಹುಡುಕುವ ಯಂತ್ರ ಅದು. ಶಹಾಬಾದ್, ಸೇಡಂ, ಚಿತ್ತಾಪುರದ ಕಲ್ಲುಗಣಿಗೆ ಒಯ್ದ ಚೀಲವನ್ನೋ, ಹೊಲಕ್ಕೆ ನೈಟ್ರೇಟ್ ಗೊಬ್ಬರ ಒಯ್ದ ಚೀಲವನ್ನೋ ಪ್ರಯಾಣಕ್ಕೆ ಹಿಡಿದರೆ ಅದು ಕೂಗಬಹುದು, ಆಗ ಪ್ರಶ್ನೆಗಳು ಸುಲಭಕ್ಕೆ ಮುಗಿಯುವುದಿಲ್ಲ. ಬೇರೆ ಚೀಲ ಹಿಡಿಯಿರಿ, ಕೈ ಸೋಪಿನಲ್ಲಿ ತೊಳೆದು ಹೊರಡಿ. ಬಾಂಬು ಎಂಬ ಶಬ್ದವಂತೂ ತಮಾಷೆಗೂ ಬಾಯಲ್ಲಿ ಬರಬಾರದು. ವಿಮಾನ ತಪ್ಪುವುದಷ್ಟೇ ಅಲ್ಲ, ಪೊಲೀಸ್ ಕೇಸಿನವರೆಗೆ ಹೋಗುತ್ತದೆ.

ನಮ್ಮೂರ ನಿಲ್ದಾಣಗಳ ಅನುಭವ ಬೇರೆ. ಶ್ರೀನಿವಾಸ ಸರಡಗಿಯ ಹತ್ತಿರದ ಕಲಬುರಗಿ ನಿಲ್ದಾಣ ತೆರೆದದ್ದು 2019ರ ನವೆಂಬರ್ 22ರಂದು. ಬೀದರಿನಲ್ಲಿ ನಾಗರಿಕ ವಿಮಾನ 2020ರ ಫೆಬ್ರವರಿಯಲ್ಲಿ ಶುರುವಾಗಿ ನಡುನಡುವೆ ನಿಂತದ್ದೂ ಉಂಟು. ಇಂಥ ಕಡೆ ಬರುವುದು ಚಿಕ್ಕ ವಿಮಾನ, ಸಾಲೂ ಚಿಕ್ಕದು, ಕನ್ನಡದಲ್ಲಿ ಕೇಳಿ ಹೇಳಲು ಸಮಯವೂ ಇರುತ್ತದೆ. ಆದರೆ ಬೀದರಿನದು ವಾಯುಪಡೆಯ ನೆಲೆ. ಅಲ್ಲಿ ಮೊಬೈಲ್ ಎತ್ತಿ ಫೋಟೊ ತೆಗೆದರೆ ಎಷ್ಟೇ ಸೌಮ್ಯ ಸಿಪಾಯಿಯೂ ಗದರುತ್ತಾನೆ, ಗದರಬೇಕು ಕೂಡ.

ಬಿರುಸು ಮಾತಿಗೆ ದೂರು ಕೊಡುವುದರಲ್ಲಿ ಅರ್ಥವಿಲ್ಲ. ಗೂಡಿನ ಹೊರಗೆ ಹೆಂಗಸರನ್ನು ಮುಟ್ಟಿ ತಪಾಸಿಸಿದರೆ, ಕೋಣೆ ಕೇಳಿದರೂ ಕೊಡದಿದ್ದರೆ, ಜಾತಿ-ಧರ್ಮ ಎತ್ತಿ ಆಡಿದರೆ ಮಾತ್ರ ಬಿಡಬೇಡಿ. ವಿಡಿಯೊ ಮಾಡಬೇಡಿ, ತಪಾಸಣೆಯ ಜಾಗದಲ್ಲಿ ಅದು ನಿಷಿದ್ಧ, ನಿಮ್ಮ ದೂರೇ ಸಡಿಲವಾಗುತ್ತದೆ. ಎದೆಯ ಮೇಲಿನ ಹೆಸರುಪಟ್ಟಿ, ಎಷ್ಟನೇ ಸಾಲು, ಗಂಟೆ-ನಿಮಿಷ ಇಷ್ಟನ್ನು ಬೋರ್ಡಿಂಗ್ ಪಾಸಿನ ಹಿಂದೆ ಬರೆದುಕೊಳ್ಳಿ. ಅಲ್ಲೇ ಶಿಫ್ಟಿನ ಅಧಿಕಾರಿಗೆ ಹೇಳಿ, ಆಮೇಲೆ ಕೇಂದ್ರ ಸರ್ಕಾರದ ದೂರಿನ ಜಾಲತಾಣ ಏರ್‌ಸೇವಾದಲ್ಲಿ ದಾಖಲಿಸಿ. ಸಮಯ ಬರೆದಿದ್ದರೆ ಆ ಹೊತ್ತಿನ ಕ್ಯಾಮೆರಾ ಚಿತ್ರ ತೆಗೆಸಿ ನೋಡುವುದು ಅವರಿಗೆ ಸುಲಭ.

ಕೊನೆಗೆ ಸಮಯ. ಒಳನಾಡಿನ ವಿಮಾನಕ್ಕೆ ಹೆಚ್ಚಿನ ಕಂಪನಿಗಳ ಕೌಂಟರ್ ಹೊರಡುವ ಒಂದು ತಾಸು ಮೊದಲೇ ಮುಚ್ಚುತ್ತದೆ. ಕಲಬುರಗಿಯಿಂದ ಶಂಶಾಬಾದಿಗೆ ನಾಲ್ಕೈದು ತಾಸಿನ ದಾರಿ. ವಿಮಾನಕ್ಕೆ ಎರಡೂವರೆ ತಾಸು ಮೊದಲು ಬಾಗಿಲಲ್ಲಿ ಇರುವಂತೆ ಹೊರಟರೆ ಅಪ್ಪ-ಅವ್ವ ನೀರು ಕುಡಿದು, ಕಿಸೆಯ ಚಿಲ್ಲರೆ, ಕೀಲಿ, ಮೊಬೈಲ್ ಎಲ್ಲವನ್ನೂ ಕೈಚೀಲದ ಒಂದೇ ಖಾನೆಗೆ ಹಾಕಿ ಝಿಪ್ ಎಳೆದು, ಸಾವಕಾಶವಾಗಿ ಸಾಲಿಗೆ ಬರಬಹುದು. ಟ್ರೇಯಲ್ಲಿ ಬಿಡಿಬಿಡಿಯಾಗಿ ಇಟ್ಟದ್ದೇ ಆ ಕಡೆ ಮರೆತುಹೋಗುವುದು, ಅದರಲ್ಲೂ ಕನ್ನಡಕ ಮತ್ತು ವಾಚು.