ಸಮುದ್ರದಲ್ಲಿ ಗೆರೆ ಎಳೆಯುವವರು ಯಾರು? ಮೀನುಗಾರರು ಮತ್ತು ಸಾಗರ ಸಂರಕ್ಷಿತ ಪ್ರದೇಶ: ಅಧ್ಯಯನ ಟಿಪ್ಪಣಿ

ಬೆಳಗಾವಿಯಲ್ಲಿ ಕೂತು ಓದುವ ನಮ್ಮಲ್ಲಿ ಸುಮಾರು ಜನ ಈ ಪಾಠವನ್ನು ಹಾರಿಸಿಬಿಡುತ್ತಾರೆ. "ಸಮುದ್ರ ನಮಗ್ಯಾಕೆ" ಅನ್ನುತ್ತಾರೆ. ಹಾರಿಸಬೇಡಿ. ಪರೀಕ್ಷೆಯ ಪರಿಸರ ಪತ್ರಿಕೆಗೆ ಬೇಕಾದ ವಿಷಯ ಇದು. ಅದೂ ಅಲ್ಲದೆ ನಮ್ಮ ಮಾರ್ಕೆಟ್ಟಿನ ಬಾಂಗಡಾ, ಸುರಮಾಯಿ ಎಲ್ಲ ಘಟ್ಟ ಹತ್ತಿ ಬರುವುದು ಗೋವಾ, ಕಾರವಾರ, ಮಾಲವಣದ ಕಡೆಯಿಂದ ಅಲ್ವಾ? ಆ ಮಾಲವಣವೇ ಈ ಪಾಠದ ಒಂದು ದೊಡ್ಡ ಉದಾಹರಣೆ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಜೂನ್, ಜುಲೈನಲ್ಲಿ ಮೀನಿನ ರೇಟು ಏರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳಿಗೆ ರಜೆ. ಪೂರ್ವ ಕರಾವಳಿಯಲ್ಲಿ ಇದು ಏಪ್ರಿಲ್ 15ರಿಂದ ಜೂನ್ 14. ಇಲ್ಲಿ ಮುಚ್ಚುವುದು ಕಾಲವನ್ನು. ಸಾಗರ ಸಂರಕ್ಷಿತ ಪ್ರದೇಶದಲ್ಲಿ, ಅಂದರೆ ಅಲ್ಲಿನ ಜೀವಿಗಳು ಉಳಿಯಲಿ ಎಂದು ಗೆರೆ ಎಳೆದ ನೀರಿನಲ್ಲಿ, ಮುಚ್ಚುವುದು ಜಾಗವನ್ನು. ಉತ್ತರ ಪತ್ರಿಕೆಯಲ್ಲಿ ಇವೆರಡನ್ನೂ ಕಲಸಿ ಬರೆಯುವವರು ಜಾಸ್ತಿ. ಜಾಗ ಮುಚ್ಚುವುದರಲ್ಲೂ ಹಂತಗಳಿವೆ. ಕೆಲವು ಕಡೆ ಇಂಥ ಬಲೆ ಬೇಡ, ಇಂಥ ದೋಣಿ ಬೇಡ ಎಂದಷ್ಟೇ ಇರುತ್ತದೆ. ಕೆಲವು ಕಡೆ ಒಂದು ಗಾಳ ಕೂಡ ಹಾಕುವಂತಿಲ್ಲ. ಈ ಎರಡನೆಯದನ್ನು ಇಲ್ಲಿ 'ಪೂರ್ತಿ ನಿಷೇಧದ ವಲಯ' ಎಂದು ಕರೆಯುತ್ತೇನೆ. ಜಗಳವೆಲ್ಲ ಹೆಚ್ಚಾಗಿ ಇದರ ಸುತ್ತಲೇ.

ಮುಚ್ಚಿದರೆ ಮೀನು ಯಾಕೆ ಹೆಚ್ಚಾಗುತ್ತದೆ?

ಹಿಡಿಯದಿದ್ದರೆ ಹೆಚ್ಚಾಗುತ್ತದೆ, ಅದರಲ್ಲೇನು ಎನ್ನಿಸಬಹುದು. ಆದರೆ ಲೆಕ್ಕ ಅಷ್ಟು ನೇರ ಇಲ್ಲ. ಮುಖ್ಯ ಸಂಗತಿ ಮೀನಿನ ಗಾತ್ರ. ರೆಡ್ ಸ್ನ್ಯಾಪರ್ ಎಂಬ ಮೀನಿನ ಉದಾಹರಣೆ ಪುಸ್ತಕಗಳಲ್ಲಿ ಪದೇ ಪದೇ ಬರುತ್ತದೆ. 61 ಸೆಂಟಿಮೀಟರ್ ಉದ್ದದ ಒಂದು ಹೆಣ್ಣು ಮೀನು ಸುಮಾರು 93 ಲಕ್ಷ ಮೊಟ್ಟೆ ಇಡುತ್ತದೆ. ಅಷ್ಟೇ ಮೊಟ್ಟೆಗೆ 42 ಸೆಂಟಿಮೀಟರಿನ ಹೆಣ್ಣು ಮೀನುಗಳು 212 ಬೇಕು! ಆದರೆ ಬಲೆಗೆ ಮೊದಲು ಬೀಳುವುದೂ, ಒಳ್ಳೆಯ ರೇಟು ಸಿಗುವುದೂ ದೊಡ್ಡ ಮೀನಿಗೇ. ಅಂದರೆ ಸಮುದ್ರದಲ್ಲಿ ನಾವು ಮೊದಲು ಖಾಲಿ ಮಾಡುವುದು ಬಿತ್ತನೆಗೆ ಇಟ್ಟ ಜೋಳವನ್ನು. ನಮ್ಮ ಕಡೆ ಎಂಥ ಬರ ಬಿದ್ದರೂ ಬಿತ್ತುವ ಜೋಳವನ್ನು ಬೀಸಲಿಕ್ಕೆ ಕೊಡುವ ರೈತ ಸಿಗುವುದು ಕಷ್ಟ.

ಮುಚ್ಚಿದ ಜಾಗದಲ್ಲಿ ಮೀನು ಮುದಿಯಾಗಲಿಕ್ಕೆ, ದೊಡ್ಡದಾಗಲಿಕ್ಕೆ ಅವಕಾಶ ಸಿಗುತ್ತದೆ. ಅದರ ಮೊಟ್ಟೆ, ಮರಿಗಳು ನೀರಿನ ಸೆಳೆತಕ್ಕೆ ಸಿಕ್ಕಿ ಹೊರಗೆ ಹೋಗುತ್ತವೆ. ಒಳಗೆ ದಟ್ಟಣೆ ಹೆಚ್ಚಾದರೆ ಬೆಳೆದ ಮೀನೂ ಗೆರೆ ದಾಟಿ ಬರುತ್ತದೆ. ಗೆರೆಯ ಹೊರಗೆ ಬಲೆ ಹಾಕಿದವನಿಗೆ ಸಿಗುವ ಲಾಭ ಈ ಎರಡು ದಾರಿಯಿಂದ. ಆದರೆ ಎರಡಕ್ಕೂ ವರ್ಷಗಟ್ಟಲೆ ಬೇಕು. ನಷ್ಟ ಮಾತ್ರ ಗೆರೆ ಎಳೆದ ದಿನವೇ ಶುರು. ಈ ನಡುವಿನ ವರ್ಷಗಳನ್ನು ಯಾರು ಹೇಗೆ ದಾಟಿಸುತ್ತಾರೆ ಎಂಬುದನ್ನು ಅರ್ಥ ಮಾಡಿಕೊಂಡರೆ ಪಾಠದ ಮುಕ್ಕಾಲು ಭಾಗ ಕೈಗೆ ಬಂದಂತೆ.

ಸುಮಿಲೋನ್ ಮತ್ತು ಆಪೋ

ಫಿಲಿಪ್ಪೀನ್ಸಿನ ಈ ಎರಡು ಪುಟ್ಟ ದ್ವೀಪಗಳನ್ನು ಜೋಡಿಯಾಗಿಯೇ ಓದಬೇಕು. ನನ್ನ ಪ್ರಕಾರ ಇಡೀ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಸುಮಿಲೋನ್ ದ್ವೀಪದ ಹವಳದ ದಿಬ್ಬದ ಸುಮಾರು ಕಾಲು ಭಾಗವನ್ನು 1974ರಲ್ಲಿ ಮುಚ್ಚಿದರು. ಇದರ ಹಿಂದೆ ಇದ್ದದ್ದು ಡುಮಾಗೇಟಿ ಊರಿನ ಸಿಲಿಮನ್ ವಿಶ್ವವಿದ್ಯಾಲಯ ಮತ್ತು ಅಲ್ಲಿನ ವಿಜ್ಞಾನಿ ಏಂಜೆಲ್ ಅಲ್ಕಾಲಾ. ಹತ್ತು ವರ್ಷದಲ್ಲಿ ಮೀನು ತುಂಬಿಕೊಂಡಿತು. ಆದರೆ ಸ್ಥಳೀಯ ರಾಜಕೀಯ ಬದಲಾಗಿ 1984ರಲ್ಲಿ ಕಾವಲು ಮುರಿದುಬಿತ್ತು. ಎಲ್ಲರೂ ಒಳಗೆ ನುಗ್ಗಿದರು, ಸ್ಫೋಟಕ ಹಾಕಿಯೂ ಮೀನು ಹಿಡಿದರು.

ಈಗ ಒಂದು ಪ್ರಶ್ನೆ. ಹಿಡಿಯುವ ಜಾಗ ಹೆಚ್ಚಾಯಿತು, ಒಳಗೆ ಮೀನೂ ತುಂಬಿತ್ತು. ಹಾಗಾದರೆ ಒಟ್ಟು ಹಿಡಿತ ಏರಬೇಕಿತ್ತು, ಅಲ್ವಾ? ಇಳಿಯಿತು. ಒಂದು ಚದರ ಕಿಲೋಮೀಟರಿಗೆ ವರ್ಷಕ್ಕೆ ಸುಮಾರು 37 ಟನ್ ಇದ್ದದ್ದು ಎರಡೇ ವರ್ಷದಲ್ಲಿ ಸುಮಾರು 20 ಟನ್ನಿಗೆ ಬಂತು. ಮುಚ್ಚಿದ್ದ ಕಾಲು ಭಾಗವೇ ತೆರೆದ ಮುಕ್ಕಾಲು ಭಾಗಕ್ಕೆ ಮೀನು ಕೊಡುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ? ಬೇಕೆಂದು ಯಾರೂ ಮಾಡದ ಪ್ರಯೋಗ ಇದು. ಅದಕ್ಕೇ ಅಲ್ಲಗಳೆಯುವುದು ಕಷ್ಟ.

ಆಪೋ ದ್ವೀಪದಲ್ಲಿ ಅಲ್ಕಾಲಾ ಅವರ ತಂಡ ದಾರಿ ಬದಲಿಸಿತು. ಮೀನುಗಾರರ ಜೊತೆ ಕೂತು ಮಾತಾಡಿದರು. ಸುಮಿಲೋನಿಗೆ ಕರೆದುಕೊಂಡು ಹೋಗಿ ತೋರಿಸಿದರು. ಯಾವ ಭಾಗ ಮುಚ್ಚಬೇಕು ಎಂದು ದ್ವೀಪದ ಜನರೇ ಆರಿಸಿದರು. ಬಹಳ ದೊಡ್ಡದೇನಲ್ಲ, ಸುಮಾರು 450 ಮೀಟರ್ ಉದ್ದದ ದಂಡೆ. 1982ರಲ್ಲಿ ಜನರ ಒಪ್ಪಿಗೆಯಿಂದ ಶುರುವಾಗಿ 1985ರಲ್ಲಿ ಅದಕ್ಕೆ ಕಾನೂನಿನ ಬಲ ಸಿಕ್ಕಿತು. ಕಾವಲು ಕಾದವರೂ ದ್ವೀಪದವರೇ. ಅದು ಉಳಿಯಿತು, ಡೈವಿಂಗ್ ಮಾಡಲು ಪ್ರವಾಸಿಗರು ಬಂದರು, ಪ್ರವೇಶ ಶುಲ್ಕ ಬಂತು.

ಕಥೆ ಇಲ್ಲಿಗೆ ಮುಗಿಯಿತು ಎಂದು ಬರೆದರೆ ಅರ್ಧ ಅಂಕ ಹೋಯಿತೆಂದೇ ತಿಳಿಯಿರಿ. 1994ರಲ್ಲಿ ಆಪೋ ರಾಷ್ಟ್ರೀಯ ಸಂರಕ್ಷಿತ ಪ್ರದೇಶವಾಯಿತು. ಆಡಳಿತ ಸರ್ಕಾರ ಮುಂದೆ ನಿಂತ ಮಂಡಳಿಗೆ ಹೋಯಿತು. ಶುಲ್ಕದ ದುಡ್ಡು ಮೊದಲು ರಾಜಧಾನಿಯ ಖಜಾನೆಗೆ ಹೋಗಿ, ಅದರ ಶೇ 75 ಭಾಗ ವಾಪಸ್ ಬರಬೇಕಿತ್ತು. ಬರುವುದು ತಡವಾಗುತ್ತಿತ್ತು. ಸರ್ಕಾರಿ ಅನುದಾನಕ್ಕೆ ಕಾದ ಅನುಭವ ನಮಗೂ ಇದೆ, ಹೆಚ್ಚು ಹೇಳಬೇಕಿಲ್ಲ. 2011 ಮತ್ತು 2012ರ ಚಂಡಮಾರುತಗಳು ಮುಚ್ಚಿದ ಭಾಗದ ಹವಳವನ್ನೇ ಪುಡಿ ಮಾಡಿದವು. ಗೆರೆ ದೋಣಿಯನ್ನು ತಡೆಯಬಹುದು, ಬಿರುಗಾಳಿಯನ್ನಲ್ಲ.

ಘಟ್ಟದ ಕೆಳಗೆ: ಮಾಲವಣ

ಸಿಂಧುದುರ್ಗ ಕೋಟೆ ನೋಡಲು ಬೆಳಗಾವಿಯಿಂದ ಹೋದವರು ಬಹಳ ಜನ. ಆ ಕೋಟೆಯ ಸುತ್ತಲಿನ ನೀರೇ ಮಾಲವಣ ಸಾಗರ ಅಭಯಾರಣ್ಯ. ಘೋಷಣೆಯಾದದ್ದು 1987ರಲ್ಲಿ. ಒಟ್ಟು 29.12 ಚದರ ಕಿಲೋಮೀಟರ್, ನಡುವಿನ ಗಟ್ಟಿ ರಕ್ಷಣೆಯ ಭಾಗ 3.18. ಆದರೆ ಅದು ಬಹುಪಾಲು ಕಾಗದದ ಮೇಲೆಯೇ ಉಳಿಯಿತು. ಸ್ಥಳೀಯ ಮೀನುಗಾರರು ವಿರೋಧಿಸಿದರು. ಬಲೆ ಹಾಕುವ ಹಕ್ಕು ಹೋಗುತ್ತದೆ ಎಂಬುದೇ ಅವರ ಭಯ.

"ಮೀನುಗಾರರಿಗೆ ಸಂರಕ್ಷಣೆ ಬೇಕಿಲ್ಲ" ಎಂದು ಇಲ್ಲಿ ತೀರ್ಮಾನಿಸಿದರೆ ತಪ್ಪು. ಇದೇ ಕರಾವಳಿಯಲ್ಲಿ ದಡದಿಂದ ರಾಪಣ ಬಲೆ ಎಳೆಯುವವರು (ನಮ್ಮ ಕರಾವಳಿಯಲ್ಲಿ ಇದು ರಂಪಣಿ) ಪರ್ಸಿನ್ ಬಲೆಯ ದೊಡ್ಡ ದೋಣಿಗಳ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದಾರೆ. ಇಡೀ ಮೀನಿನ ಹಿಂಡನ್ನೇ ಸುತ್ತುವರಿದು ಬಾಚುವ ಬಲೆ ಅದು. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಅದಕ್ಕೆ ನಿರ್ಬಂಧ ಹಾಕಿತು. ಅಂದರೆ ಮಿತಿ ಬೇಕು ಎಂದು ಕೇಳಿದವರೂ ಮೀನುಗಾರರೇ. ಸಿಂಧುದುರ್ಗ ಜಿಲ್ಲೆಯಲ್ಲಿ ಆಮೇಲೆ ನಡೆದ ಯೋಜನೆಯೊಂದರಲ್ಲಿ ಸಣ್ಣ ಮರಿಗಳು ತಪ್ಪಿಸಿಕೊಳ್ಳಲಿ ಎಂದು ಟ್ರಾಲ್ ಬಲೆಗೆ (ದೋಣಿ ಹಿಂದೆ ಎಳೆದುಕೊಂಡು ಹೋಗುವ ಬಲೆ) ಚೌಕಾಕಾರದ ಕಣ್ಣು ಹಾಕಿಸಿದರು. ವೆಂಗುರ್ಲಾದ ಮಹಿಳಾ ಸಂಘವೊಂದು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ದೋಣಿ ಸವಾರಿ ನಡೆಸುತ್ತದೆ. ಇವು ಗೆರೆಗಿಂತ ಸುಲಭವಾಗಿ ಜನರಿಗೆ ಹಿಡಿಸಿದವು.

ಕಾನೂನು ಏನು ಹೇಳುತ್ತದೆ?

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972. ಇದರ 26ಎ ಕಲಮನ್ನು ನೆನಪಿಡಿ. ಸಮುದ್ರದ ನೀರನ್ನು ಅಭಯಾರಣ್ಯಕ್ಕೆ ಸೇರಿಸುವಾಗ ಎಲ್ಲೆಯನ್ನು ನೌಕಾಪಡೆಯ ಮುಖ್ಯ ಜಲಮಾಪನ ಅಧಿಕಾರಿಯ ಜೊತೆ ಸಮಾಲೋಚಿಸಿ ಗುರುತಿಸಬೇಕು, ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಯಲು ಸಾಕಷ್ಟು ಕ್ರಮ ತೆಗೆದುಕೊಳ್ಳಬೇಕು ಎಂದು ಅದು ಹೇಳುತ್ತದೆ. ಒಳ್ಳೆಯ ಮಾತು. ಆದರೆ "ಸಾಕಷ್ಟು" ಎಷ್ಟು ಎಂದು ಹೇಳುವುದಿಲ್ಲ.

ಇನ್ನೊಂದು ಸಿಕ್ಕು. ಸಮುದಾಯ ಮೀಸಲು ಪ್ರದೇಶ ಎಂಬ ವ್ಯವಸ್ಥೆ 36ಸಿ ಕಲಮಿನಲ್ಲಿದೆ. ಹೆಸರು ಕೇಳಿದರೆ ಮೀನುಗಾರರಿಗೇ ಮಾಡಿದಂತಿದೆ. ಆದರೆ ಅದು ಖಾಸಗಿ ಅಥವಾ ಸಮುದಾಯದ ಭೂಮಿಗೆ ಮಾತ್ರ. ಸಮುದ್ರ ಸರ್ಕಾರದ್ದು. ಹಾಗಾಗಿ ಆಪೋ ಮಾದರಿ ಇಲ್ಲಿ ಈ ದಾರಿಯಲ್ಲಿ ಬರುವುದಿಲ್ಲ. ಉಳಿದದ್ದು 36ಎ, ಸಂರಕ್ಷಣಾ ಮೀಸಲು. ಸರ್ಕಾರಿ ಜಾಗವನ್ನು ಸ್ಥಳೀಯರ ಜೊತೆ ಚರ್ಚಿಸಿ ಘೋಷಿಸುವುದು. ತಮಿಳುನಾಡು 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರನ್ನು ಕಡಲಹಸು (ಡ್ಯುಗಾಂಗ್) ಎಂಬ ಸಸ್ತನಿಗಾಗಿ ಹೀಗೆ ಘೋಷಿಸಿತು, ದೇಶದಲ್ಲೇ ಮೊದಲು. ಅಲ್ಲಿ ಬಲೆಗೆ ಸಿಕ್ಕ ಕಡಲಹಸುವನ್ನು ಬಿಡಿಸಿ ಕಳಿಸುವವರು ಮೀನುಗಾರರೇ. ಅವರನ್ನು ಹೊರಗಿಟ್ಟರೆ ಕೆಲಸವೇ ನಡೆಯದು.

ಅದರ ಪಕ್ಕದಲ್ಲೇ ಮನ್ನಾರ್ ಕೊಲ್ಲಿ ಇದೆ. 1986ರಲ್ಲಿ 21 ದ್ವೀಪಗಳನ್ನು ಸೇರಿಸಿ ರಾಷ್ಟ್ರೀಯ ಉದ್ಯಾನ ಮಾಡಿದರು. ತಲೆಮಾರುಗಳಿಂದ ಆ ದ್ವೀಪಗಳ ಸುತ್ತ ಮುಳುಗಿ ಕಡಲಪಾಚಿ ಕೀಳುತ್ತಿದ್ದ ಹೆಂಗಸರು ಏಕಾಏಕಿ ಅಪರಾಧಿಗಳಾದರು. ಆಮೇಲೆ ಅವರೇ ಸಂಘ ಕಟ್ಟಿಕೊಂಡು ತಿಂಗಳಿಗೆ 12 ದಿನ ಮಾತ್ರ ಕೀಳುವುದು ಎಂಬ ನಿಯಮ ಹಾಕಿಕೊಂಡರು. ನನಗೆ ಈ ಉದಾಹರಣೆ ಬಹಳ ಮುಖ್ಯ. ಮೀನುಗಾರ ಎಂದ ಕೂಡಲೇ ನಾವು ದೋಣಿಯ ಗಂಡಸನ್ನೇ ನೆನೆಯುತ್ತೇವೆ. ಪ್ರಶ್ನೆ ತೆಗೆಯುವವರೂ ಹಾಗೇ.

ಒಡಿಶಾದ ಗಹೀರಮಾಥಾ (1997, 1435 ಚದರ ಕಿಲೋಮೀಟರ್) ಆಲಿವ್ ರಿಡ್ಲೆ ಆಮೆಗಳಿಗಾಗಿ ಇದೆ. ನವೆಂಬರಿನಿಂದ ಮೇವರೆಗೆ ಮೀನು ಹಿಡಿಯುವಂತಿಲ್ಲ. ಆಮೆ ಸಾಯುವುದು ಹೆಚ್ಚಾಗಿ ಟ್ರಾಲ್ ಬಲೆಯಲ್ಲಿ, ಹೊಡೆತ ಬಿದ್ದದ್ದು ಸಣ್ಣ ದೋಣಿಯವರಿಗೂ. ಇಲ್ಲಿ ಮೀನುಗಾರರ ಸಂಘಟನೆಗಳೂ ಆಮೆ ಉಳಿಸುವವರೂ ಸೇರಿ 2004ರ ಹೊತ್ತಿಗೆ ಒಂದು ಜಂಟಿ ಒಕ್ಕೂಟ ಮಾಡಿಕೊಂಡರು. ಒಬ್ಬರನ್ನೊಬ್ಬರು ಬೈಯುತ್ತಿದ್ದವರು ಒಂದೇ ಮೇಜಿಗೆ ಬಂದದ್ದು ಹೀಗೆ.

ಗುಜರಾತಿನ ತಿಮಿಂಗಿಲ ಶಾರ್ಕ್ ಕಥೆ ಗೆರೆ ಇಲ್ಲದ ಸಂರಕ್ಷಣೆ. ವೇರಾವಳದ ಮೀನುಗಾರರು ಅದನ್ನು ಕೊಲ್ಲುತ್ತಿದ್ದರು, 2001ರಲ್ಲಿ ಕಾಯ್ದೆಯ ರಕ್ಷಣೆ ಬಂತು. ಈಗ ಬಲೆಗೆ ಸಿಕ್ಕರೆ ಬಲೆ ಕತ್ತರಿಸಿ ಬಿಡುತ್ತಾರೆ. ಹಾಳಾದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಬಿಟ್ಟದ್ದಕ್ಕೆ ಸಾಕ್ಷಿಯಾಗಿ ಫೋಟೋ ತೆಗೆಯಲು ಮೀನುಗಾರರ ಕೈಗೇ ಕ್ಯಾಮೆರಾ ಕೊಟ್ಟರು. ಅಧಿಕಾರಿ ಬಂದು ನೋಡುವವರೆಗೆ ಮೀನು ಬಲೆಯಲ್ಲೇ ಒದ್ದಾಡುವುದು ತಪ್ಪಿತು.

ಎದುರು ವಾದಕ್ಕೆ ಒಂದು ಉದಾಹರಣೆ ಬೇಕಾದರೆ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳನ್ನು ಬರೆಯಿರಿ. 2010ರಲ್ಲಿ ಬ್ರಿಟನ್ ಅಲ್ಲಿ ದೊಡ್ಡ ಸಾಗರ ಸಂರಕ್ಷಿತ ಪ್ರದೇಶ ಘೋಷಿಸಿತು. ಅಲ್ಲಿನ ಜನರನ್ನು ಮೊದಲೇ ಒಕ್ಕಲೆಬ್ಬಿಸಿ ಆಗಿತ್ತು. 2015ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಆ ಘೋಷಣೆ ಕಾನೂನಿಗೆ ವಿರುದ್ಧ ಎಂದಿತು. 2030ರೊಳಗೆ ಸಮುದ್ರದ ಶೇ 30 ಭಾಗ ಕಾಯಬೇಕು ಎಂದು 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಿವೆ. ನಕ್ಷೆಯಲ್ಲಿ ಬಣ್ಣ ಹಚ್ಚಿ ಗುರಿ ಮುಟ್ಟುವ ಆಸೆ ಎಲ್ಲ ಸರ್ಕಾರಗಳಿಗೂ ಇರುತ್ತದೆ. ಚಾಗೋಸ್ ಅದಕ್ಕೇ ನೆನಪಿರಲಿ.

ಉತ್ತರ ಬರೆಯುವಾಗ "ಜನರ ಸಹಭಾಗಿತ್ವ ಅಗತ್ಯ" ಎಂದು ಸುಮ್ನೆ ಮುಗಿಸಬೇಡಿ. ಎಲ್ಲರೂ ಅದನ್ನೇ ಬರೆಯುತ್ತಾರೆ. ಗೆರೆ ಎಳೆದವರು ಯಾರು, ಮೀನು ಹೆಚ್ಚಾಗುವವರೆಗಿನ ವರ್ಷಗಳ ನಷ್ಟ ಯಾರ ಮೇಲೆ ಬಿತ್ತು, ಕಾವಲು ಯಾರದ್ದು, ಬಂದ ದುಡ್ಡು ಎಲ್ಲಿಗೆ ಹೋಯಿತು ಎಂದು ಪ್ರತಿ ಉದಾಹರಣೆಯನ್ನೂ ಕೇಳಿ ನೋಡಿ. ಸುಮಿಲೋನ್, ಆಪೋ, ಮಾಲವಣ ಮೂರಕ್ಕೂ ಉತ್ತರ ಬೇರೆ ಬೇರೆ ಬರುತ್ತದೆ. ಅದೇ ನಿಮ್ಮ ಹೋಲಿಕೆ.

ಅಭ್ಯಾಸಕ್ಕೆ ಒಂದು ಪ್ರಶ್ನೆ, 250 ಪದ: "ಹಿಡಕಲ್ ಅಣೆಕಟ್ಟಿನ ಹಿನ್ನೀರಿನ ಒಂದು ಭಾಗದಲ್ಲಿ ಮೀನುಗಾರಿಕೆಯನ್ನು ಪೂರ್ತಿ ನಿಲ್ಲಿಸುವ ಪ್ರಸ್ತಾಪ ಬಂದಿದೆ ಎಂದುಕೊಳ್ಳಿ. ಅಲ್ಲಿ ಬಲೆ ಹಾಕಿ ಬದುಕುವ ಅಂಬಿಗೇರ ಕುಟುಂಬಗಳ ಜೊತೆ ನೀವು ಹೇಗೆ ಮಾತುಕತೆ ಶುರು ಮಾಡುತ್ತೀರಿ?" ಒಂದು ಸುಳಿವು: ಸಮುದ್ರದ ಲೆಕ್ಕ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಜಲಾಶಯದಲ್ಲಿ ಕಟ್ಲಾ, ರೋಹು ಮರಿಗಳನ್ನು ಹೊರಗಿನಿಂದ ತಂದು ಬಿಡುತ್ತಾರೆ, ನೀರಿನ ಮಟ್ಟ ಬೇಸಿಗೆಯಲ್ಲಿ ಇಳಿದು ಮುಚ್ಚಿದ ಜಾಗವೇ ಒಣಗಬಹುದು. ಹಾಗಾಗಿ ಯಾವ ಭಾಗದಲ್ಲಿ ಬೇಸಿಗೆಯಲ್ಲೂ ಆಳ ನೀರು ನಿಲ್ಲುತ್ತದೆ ಎಂದು ಅವರನ್ನೇ ಕೇಳುವುದರಿಂದ ಉತ್ತರ ಶುರು ಮಾಡಬಹುದು.